ಗಾಲಿ ಜಾರುವುದು ಆಟದ ದೋಷವೇ?

ಓಪನ್ ರೈಲ್ಸ್ ಉಚಿತವಾಗಿ ಸಿಗುವ ರೈಲು ಸಿಮ್ಯುಲೇಟರ್. 2001ರಲ್ಲಿ ಬಂದ ಮೈಕ್ರೋಸಾಫ್ಟ್ ಟ್ರೇನ್ ಸಿಮ್ಯುಲೇಟರ್‌ಗಾಗಿ ಮಾಡಿಟ್ಟ ಇಂಜಿನ್, ಬೋಗಿ, ಮಾರ್ಗಗಳನ್ನೇ ಇದೂ ಓದಿಕೊಳ್ಳುತ್ತದೆ. ನಮ್ಮ ಭಾರತೀಯ ಇಂಜಿನ್‌ಗಳನ್ನೂ ಹವ್ಯಾಸಿಗಳು ಇದಕ್ಕೆ ಮಾಡಿಕೊಟ್ಟಿದ್ದಾರೆ. ಹೊಸಬರು ಮೊದಲು ಮುಗ್ಗರಿಸುವುದು ಭಾರದ ಗೂಡ್ಸ್ ಗಾಡಿ ಹೊರಡಿಸುವಾಗ. ಥ್ರಾಟಲ್ ಪೂರ್ತಿ ಕೊಟ್ಟರೆ ಪರದೆಯ ಮೇಲೆ ವೀಲ್ ಸ್ಲಿಪ್ ಅಂತ ಬರುತ್ತದೆ, ಗಾಡಿ ಮಾತ್ರ ಮಿಸುಕುವುದಿಲ್ಲ. ಆಮೇಲೆ ಶುರುವಾಗುತ್ತದೆ ಇಂಜಿನ್ ಫೈಲಿನ ರಿಪೇರಿ. ಅದರಲ್ಲಿ ಮುಕ್ಕಾಲು ಪಾಲು ತಪ್ಪು ತಿಳಿವಳಿಕೆಯಿಂದಲೇ ನಡೆಯುವುದು.

ತಪ್ಪು ಕಲ್ಪನೆ: ಆರು ಸಾವಿರ ಹಾರ್ಸ್ ಪವರ್ ಇಂಜಿನ್ ಜಾರುತ್ತಿದೆ ಎಂದರೆ ಆಟದ ಲೆಕ್ಕವೇ ಸರಿಯಿಲ್ಲ.

ವಾಸ್ತವ: ನಿಂತ ಗಾಡಿಯನ್ನು ಹೊರಡಿಸುವಾಗ ಹಾರ್ಸ್ ಪವರ್‌ಗೆ ಹೆಚ್ಚಿನ ಕೆಲಸವಿಲ್ಲ. ಅಲ್ಲಿ ಮಿತಿ ಹಾಕುವುದು ಹಳಿಯ ಮೇಲಿನ ಹಿಡಿತ. ಡಬ್ಲ್ಯುಎಜಿ-9 ಸರಕು ಇಂಜಿನ್‌ನ ಶಕ್ತಿ ಸುಮಾರು 4500 ಕಿಲೋವ್ಯಾಟ್, ಹೊರಡುವಾಗಿನ ಎಳೆತ 458 ಕಿಲೋನ್ಯೂಟನ್. ಅಷ್ಟೇ ಎಳೆತವನ್ನು ಹಿಡಿದುಕೊಂಡು ಹೋದರೆ ಗಂಟೆಗೆ 35 ಕಿ.ಮೀ. ವೇಗ ಮುಟ್ಟಿದ ಮೇಲಷ್ಟೇ ಆ ಶಕ್ತಿ ಪೂರ್ತಿ ಖರ್ಚಾಗುತ್ತದೆ. ಡಬ್ಲ್ಯುಎಪಿ-7 ಪ್ಯಾಸೆಂಜರ್ ಇಂಜಿನ್ ಇದೇ ವಿನ್ಯಾಸದಿಂದ ಬಂದದ್ದು. ತೂಕ ಅದೇ 123 ಟನ್, ಗೇರ್ ಅನುಪಾತ ಮಾತ್ರ 77:15ರ ಬದಲು 72:20. ಅದರ ಆರಂಭಿಕ ಎಳೆತ ಸುಮಾರು 323 ಕಿಲೋನ್ಯೂಟನ್. ಆಟದಲ್ಲಿ ಅದು ಸಲೀಸಾಗಿ ಹೊರಟು, ಅಣ್ಣನಂತಿರುವ ಸರಕು ಇಂಜಿನ್ ಜಾರಿದರೆ ಆಶ್ಚರ್ಯಪಡಬೇಕಾದ್ದಿಲ್ಲ.

ತಪ್ಪು ಕಲ್ಪನೆ: ಜಾರುವುದು ನಿಲ್ಲುವವರೆಗೆ ಹಿಡಿತದ ಅಂಕಿ ಏರಿಸುತ್ತಾ ಹೋದರಾಯಿತು.

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಕೆಟ್ಟಿರುವುದು ಇಲ್ಲೇ, ಹಾಗಾಗಿ ಸ್ವಲ್ಪ ಲೆಕ್ಕ ಹಾಕಲೇಬೇಕು. ಓಪನ್ ರೈಲ್ಸ್ ಬಳಸುವುದು ಕರ್ಟಿಯಸ್-ಕ್ನಿಫ್ಲರ್ ಸೂತ್ರ. 1940ರ ದಶಕದ ಜರ್ಮನಿಯಲ್ಲಿ ನಡೆದ ಪರೀಕ್ಷೆಗಳಿಂದ ಬಂದದ್ದು. ವೇಗಕ್ಕೆ 44 ಕೂಡಿಸಿ, ಅದರಿಂದ 7.5ನ್ನು ಭಾಗಿಸಿ, ಬಂದದ್ದಕ್ಕೆ 0.161 ಸೇರಿಸಿದರೆ ಒಣ ಹಳಿಯ ಹಿಡಿತದ ಗುಣಾಂಕ ಸಿಗುತ್ತದೆ. ಗಾಡಿ ನಿಂತಿದ್ದಾಗ 0.33, ಐವತ್ತು ಕಿ.ಮೀ. ವೇಗದಲ್ಲಿ 0.24. ಫೈಲಿನಲ್ಲಿ ಏನೂ ಬರೆಯದಿದ್ದರೆ ಆಟ ಇವನ್ನೇ ಹಿಡಿಯುತ್ತದೆ.

ಈಗ 123 ಟನ್ ಇಂಜಿನ್ ಹಳಿಯ ಮೇಲೆ ಒತ್ತುವ ಬಲ ಸುಮಾರು 1207 ಕಿಲೋನ್ಯೂಟನ್. ಅದರ 0.33 ಪಾಲು ಎಂದರೆ 400ರ ಆಸುಪಾಸು. ಡಬ್ಲ್ಯುಎಜಿ-9 ಕೇಳುತ್ತಿರುವುದು 458. ಅಂದರೆ ಅದಕ್ಕೆ 0.38 ಬೇಕು. ಹಳೆಯ ಸೂತ್ರದಲ್ಲಿ ಅಷ್ಟಿಲ್ಲ. ಕಂಪ್ಯೂಟರ್ ನಿಯಂತ್ರಣದ ಮೂರು-ಫೇಸ್ ಮೋಟಾರ್‌ಗಳು ಅವತ್ತಿನ ಇಂಜಿನ್‌ಗಳಿಗಿಂತ ಹೆಚ್ಚು ಹಿಡಿತವನ್ನು ಹಳಿಯಿಂದ ಗಿಟ್ಟಿಸಿಕೊಳ್ಳುತ್ತವೆ. ಹಾಗಾಗಿ ಇಲ್ಲಿ ಅಂಕಿ ಏರಿಸುವುದು ನ್ಯಾಯವೇ, ಆದರೆ ಅಳತೆಯಿರಲಿ. 44ನ್ನು ಮುಟ್ಟದೆ, 7.5ರ ಜಾಗದಲ್ಲಿ 8.6, 0.161ರ ಜಾಗದಲ್ಲಿ 0.185 ಇಟ್ಟು ನೋಡಿ. ನಿಂತಲ್ಲಿ ಸರಿಯಾಗಿ 0.38 ಬರುತ್ತದೆ. ಐವತ್ತು ಕಿ.ಮೀ. ವೇಗದಲ್ಲಿ ಸಿಗುವುದು 334 ಕಿಲೋನ್ಯೂಟನ್. ಆ ವೇಗದಲ್ಲಿ ಈ ಇಂಜಿನ್ನಿನ ನಿರಂತರ ಎಳೆತ 325. ಎರಡು ಕಡೆಯೂ ತಾಳೆಯಾಯಿತು. ಇದರ ಬದಲು ಯಾರೋ ಹೇಳಿದರೆಂದು 0.8 ಹಾಕಿಕೊಂಡರೆ ರಬ್ಬರ್ ಟೈರ್ ಲಾರಿ ಓಡಿಸಬಹುದು, ರೈಲನ್ನಲ್ಲ.

ತಪ್ಪು ಕಲ್ಪನೆ: ಇಂಜಿನ್ ತೂಕ ಹೆಚ್ಚಿಸುವುದು ಸುಲಭದ ದಾರಿ.

ವಾಸ್ತವ: ಸುಲಭ ಹೌದು. ಐವತ್ತು ಟನ್ ಸೇರಿಸಿದರೆ ಗಾಡಿ ಖಂಡಿತ ಹೊರಡುತ್ತದೆ. ಆದರೆ ಆರು ಅಚ್ಚುಗಳ ಮೇಲೆ ತಲಾ 20.5 ಟನ್ ಇದ್ದದ್ದು ಸುಮಾರು 29 ಟನ್‌ಗೆ ಹೋಗುತ್ತದೆ. ಅದನ್ನು ತಡೆಯುವ ಹಳಿ ನಮ್ಮಲ್ಲಿಲ್ಲ. ಬ್ರೇಕ್ ದೂರವೂ, ವೇಗ ಏರುವ ರೀತಿಯೂ ಕೆಡುತ್ತವೆ. ಸ್ಟೀಮ್ ಇಂಜಿನ್‌ನಲ್ಲಂತೂ ಒಟ್ಟು ತೂಕವೇ ಲೆಕ್ಕಕ್ಕಿಲ್ಲ. ಡಬ್ಲ್ಯುಪಿಯಂಥ ಇಂಜಿನ್‌ನಲ್ಲಿ ಎಳೆಯುವುದು ನಡುವಿನ ಆರು ದೊಡ್ಡ ಗಾಲಿಗಳು ಮಾತ್ರ. ಅವುಗಳ ಮೇಲಿನ ಭಾರಕ್ಕೆ ಫೈಲಿನಲ್ಲಿ ಬೇರೆಯೇ ಸಾಲಿದೆ.

ತಪ್ಪು ಕಲ್ಪನೆ: ಗಾಲಿ ಒಂದಿಷ್ಟೂ ಜಾರಬಾರದು.

ವಾಸ್ತವ: ಚೂರೂ ಜಾರದ ಗಾಲಿ ಎಳೆಯುವುದೂ ಇಲ್ಲ. ಗಾಲಿಯೂ ಹಳಿಯೂ ಮುಟ್ಟುವ ಜಾಗ ಕಿರುಬೆರಳ ಉಗುರಿನಷ್ಟು. ಗಾಡಿಗಿಂತ ಗಾಲಿ ಒಂದೆರಡು ಶೇಕಡಾ ಹೆಚ್ಚು ವೇಗವಾಗಿ ತಿರುಗಿದಾಗಲೇ ಒಣ ಹಳಿಯಲ್ಲಿ ಗರಿಷ್ಠ ಎಳೆತ ಸಿಗುವುದು. ಅದನ್ನು ದಾಟಿದರೆ ಹಿಡಿತ ಕುಸಿದು ಗಾಲಿ ಗಿರ್ರನೆ ಸುತ್ತತೊಡಗುತ್ತದೆ. ಓಪನ್ ರೈಲ್ಸ್‌ನಲ್ಲಿ ಎಚ್ಚರಿಕೆ ಬರುವುದು ಈ ಮಿತಿಯ ಶೇಕಡಾ 70ಕ್ಕೆ. ಅಷ್ಟಕ್ಕೇ ಗಾಬರಿಯಾಗಿ ಥ್ರಾಟಲ್ ಪೂರ್ತಿ ಇಳಿಸುವವರು ಒಳ್ಳೆಯ ಎಳೆತವನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಜಡಿಮಳೆಯಲ್ಲೇ ಹಳಿ ಅತಿ ಜಾರು.

ವಾಸ್ತವ: ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ. ತೊಂದರೆ ಕೊಡುವುದು ತುಂತುರು, ಇಬ್ಬನಿ. ಅಷ್ಟು ನೀರು ತುಕ್ಕು, ಧೂಳಿನೊಂದಿಗೆ ಕಲಸಿ ಹಳಿಯ ಮೇಲೆ ತೆಳುವಾದ ಲೇಪವಾಗುತ್ತದೆ. 1:50 ಏರಿನ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನೋ, 1:37ರ ಕ್ಯಾಸಲ್‌ರಾಕ್–ಕುಳೆಂ ಘಾಟಿಯನ್ನೋ ಆಟದಲ್ಲಿ ಹತ್ತಿಸುವವರು ಇದನ್ನು ಗಮನದಲ್ಲಿಡಬೇಕು. ಇಂಜಿನ್ ಸೇರಿ 1123 ಟನ್ ಗಾಡಿಗೆ 1:37 ಏರಿನಲ್ಲಿ ಗುರುತ್ವಕ್ಕೇ ಸುಮಾರು 298 ಕಿಲೋನ್ಯೂಟನ್ ಬೇಕು. ಹಿಡಿತ ಅರ್ಧಕ್ಕಿಳಿದರೆ ಒಂದು ಇಂಜಿನ್ ಕೈಲಾಗುವುದಿಲ್ಲ. ಘಾಟಿಯಲ್ಲಿ ಹಿಂದಿನಿಂದ ಬ್ಯಾಂಕರ್ ಎಂಬ ಸಹಾಯಕ ಇಂಜಿನ್ ತಳ್ಳುವುದು ಸುಮ್ಮನಲ್ಲ.

ತಪ್ಪು ಕಲ್ಪನೆ: ಮರಳು ಬಿಡುತ್ತಲೇ ಇದ್ದರೆ ಸಾಕು.

ವಾಸ್ತವ: ಮರಳು ಬಿಡಬೇಕಾದದ್ದು ಗಾಲಿ ಜಾರುವ ಮುಂಚೆ. ಸುತ್ತುತ್ತಿರುವ ಗಾಲಿಯ ಕೆಳಗೆ ಬಿದ್ದರೆ ತಟ್ಟನೆ ಹಿಡಿತ ಬಂದು ನಿಜವಾದ ಇಂಜಿನ್‌ನಲ್ಲಿ ಗೇರ್‌ಗೆ ಪೆಟ್ಟು ಬೀಳುತ್ತದೆ. ಮೊದಲು ಥ್ರಾಟಲ್ ಇಳಿಸಿ, ಆಮೇಲೆ ಮರಳು.

ತಪ್ಪು ಕಲ್ಪನೆ: ಇದಕ್ಕೆಲ್ಲ ಮೂಲ ಇಂಜಿನ್ ಫೈಲನ್ನೇ ತಿದ್ದಬೇಕು.

ವಾಸ್ತವ: ಬೇಡ. ಇಂಜಿನ್ ಇರುವ ಫೋಲ್ಡರಿನೊಳಗೆ ಓಪನ್‌ರೈಲ್ಸ್ ಹೆಸರಿನ ಇನ್ನೊಂದು ಫೋಲ್ಡರ್ ಮಾಡಿ, ಮೂಲವನ್ನು ಇನ್‌ಕ್ಲೂಡ್ ಮಾಡುವ ಸಣ್ಣ ಫೈಲ್ ಇಟ್ಟು, ಬದಲಾಗಬೇಕಾದ ಹಿಡಿತದ ಸಾಲನ್ನಷ್ಟೇ ಅದರಲ್ಲಿ ಬರೆದರೆ ಸಾಕು. ಇಷ್ಟವಾಗದಿದ್ದರೆ ಆ ಸಣ್ಣ ಫೈಲನ್ನು ಅಳಿಸಿಬಿಡಿ, ಇಂಜಿನ್ ಮೊದಲಿನಂತೆಯೇ ಓಡುತ್ತದೆ.