ದತ್ತು ಬೇರೆ, ಪೋಷಕತ್ವ ಬೇರೆ

ತಂದೆ ತಾಯಿ ಇಲ್ಲದ ಮಗುವಿಗೆ ದತ್ತು, ಇಲ್ಲವೇ ಯತೀಂಖಾನೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇನ್ನೊಂದು ದಾರಿ ಇದೆ: ಫಾಸ್ಟರ್ ಕೇರ್, ಅಂದರೆ ಪೋಷಕತ್ವ. ಮಕ್ಕಳ ಕಲ್ಯಾಣ ಸಮಿತಿ ಒಪ್ಪಿದ ಮನೆಯಲ್ಲಿ ಮಗು ಬೆಳೆಯುತ್ತದೆ. ಓದು, ಊಟ, ಆರೋಗ್ಯ ಆ ಮನೆಯವರ ಹೊಣೆ. ಸಮಿತಿ ಪ್ರತಿ ತಿಂಗಳು ಪರಿಶೀಲಿಸಬೇಕು. ಮಗುವಿನ ತಂದೆಯ ಹೆಸರು ಬದಲಾಗುವುದಿಲ್ಲ. ದತ್ತು ಎಂದರೆ ಹಿಂಜರಿಯುವ ನಮ್ಮ ಮನೆಗಳಿಗೆ ಇದು ಹೊಸದಲ್ಲ, ನಾವು ಕಫಾಲತ್ ಎನ್ನುವುದಕ್ಕೆ ತುಂಬ ಹತ್ತಿರ.

ಖರ್ಚಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ.

ಕೆ.ಜಿ.ಎಫ್., ಬಂಗಾರಪೇಟೆಯಲ್ಲಿ ನಾನು ಕಂಡ ಇಂಥ ಮಕ್ಕಳು ನಾನಿಯ ಮನೆಯಲ್ಲೋ ಚಾಚಾನ ಮನೆಯಲ್ಲೋ ಇದ್ದಾರೆ. ಸಂಬಂಧಿಕರ ಮನೆಯಲ್ಲಿರುವವರಿಗೆ ಅದೇ ಯೋಜನೆಯ ಪ್ರಾಯೋಜಕತ್ವ ಇದೆ, ಮೊತ್ತವೂ ಅಷ್ಟೇ. ಆದರೆ ಮನೆಯ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಬೇರೆಡೆ 96,000 ರೂಪಾಯಿ ಮೀರಬಾರದು. ಲೆಕ್ಕ ಹಾಕಿ: 96,000 ಎಂದರೆ ತಿಂಗಳಿಗೆ 8,000. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗುವ ಚಾಚಾ ದಿನಕ್ಕೆ 400ರಂತೆ 25 ದಿನ ದುಡಿದರೂ ಮಿತಿ ದಾಟಿದ. ಈ ಮಿತಿ ತೀರಾ ಕಡಿಮೆ ಎಂದೇ ನನಗನ್ನಿಸುತ್ತದೆ.

ಇನ್ನೊಂದು ತೊಡಕು ವಯಸ್ಸು. ಪ್ರಾಯೋಜಕತ್ವ 18ಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಹಲವರಿಗೆ 18 ತುಂಬುವುದು ದ್ವಿತೀಯ ಪಿಯುಸಿಯ ನಡುವೆ, ಪರೀಕ್ಷೆಗೆ ಮೊದಲೇ. ಸರ್ಕಾರದ ಮಕ್ಕಳ ಪಾಲನಾ ಸಂಸ್ಥೆಗಳಿಂದ ಹೊರಬರುವವರಿಗೆ 21ರವರೆಗೆ ನೆರವು ಸಿಗಬಹುದು, ಅದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ವಿಚಾರಿಸಬೇಕಾದದ್ದು ಕೋಲಾರದ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ತುರ್ತಿದ್ದರೆ 1098ಕ್ಕೆ ಕರೆ ಮಾಡಿ, ಕರೆ ಉಚಿತ. ಅಲ್ಲಿ ವ್ಯಾಸಂಗ ಪ್ರಮಾಣಪತ್ರ ಕೇಳಿದರೆ ನಮ್ಮ ಕಾಲೇಜು ಕಚೇರಿಯಲ್ಲೇ ಪಡೆಯಬಹುದು.