ಮುಚ್ಚಿದ ಚಕ್ರ, ತೆರೆದ ಚಕ್ರ

ಚಿಕ್ಕಮಗಳೂರಿನ ಸುತ್ತಲಿನ ಕಾಫಿ ತೋಟಗಳ ಒಳರಸ್ತೆಗಳಲ್ಲಿ ಓಡುವ ರ‍್ಯಾಲಿ ಕಾರಿನ ಚಕ್ರವನ್ನೂ ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲಿನಲ್ಲಿ ವೇಗದ ದಾಖಲೆಗಾಗಿ ಓಡುವ ಕಾರಿನ ಚಕ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ, ಮೊದಲನೆಯದು ದಪ್ಪ ಅರಗಳ ನಡುವೆ ಒಳಗಿನ ಬ್ರೇಕು ಕಾಣುವಷ್ಟು ತೆರೆದಿರುತ್ತದೆ, ಎರಡನೆಯದು ತಟ್ಟೆಯಂತಹ ನುಣುಪಾದ ಲೋಹದ ಮುಚ್ಚಳದ ಹಿಂದೆ ಅಡಗಿರುತ್ತದೆ ಅಥವಾ ಕಾರಿನ ಮೈಯೊಳಗೇ ಹುದುಗಿರುತ್ತದೆ. ಎರಡನ್ನೂ ರೂಪಿಸಿದವರು ಗಾಳಿಯ ಲೆಕ್ಕವನ್ನು ಚೆನ್ನಾಗಿ ಬಲ್ಲವರೇ ಆದರೂ, ಒಬ್ಬರು ಗಾಳಿಯನ್ನು ಚಕ್ರದಿಂದ ದೂರವಿಡಲು ದುಡಿದಿದ್ದಾರೆ, ಇನ್ನೊಬ್ಬರು ಅದನ್ನು ಚಕ್ರದೊಳಕ್ಕೆ ಕರೆದುಕೊಳ್ಳಲು ದುಡಿದಿದ್ದಾರೆ. ಈ ಭೇದ ಹುಟ್ಟಿದ್ದು ನೆಲದ ಗುಣದಿಂದ ಮತ್ತು ವೇಗದ ಪ್ರಮಾಣದಿಂದ.

ಚಲಿಸುವ ವಸ್ತುವನ್ನು ಗಾಳಿಯು ಹಿಂದಕ್ಕೆ ತಳ್ಳುವ ಬಲಕ್ಕೆ ಗಾಳಿತಡೆ ಎನ್ನುತ್ತಾರೆ. ಈ ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಅದನ್ನು ಮೀರಿ ಓಡಲು ಎಂಜಿನ್ ಒದಗಿಸಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು ಅದೇ ಆಕಾರದಲ್ಲಿ 600 ಕಿ.ಮೀ. ವೇಗವನ್ನು ಮುಟ್ಟಬೇಕಾದರೆ ಗಾಳಿತಡೆ 36 ಪಟ್ಟಾಗುತ್ತದೆ, ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿಯಂತೂ 216 ಪಟ್ಟಾಗುತ್ತದೆ. ಘಟ್ಟದ ರಸ್ತೆಯಲ್ಲಿ ಗಣನೆಗೇ ಬಾರದ ಒಂದು ಸಣ್ಣ ಉಬ್ಬು ಉಪ್ಪಿನ ಬಯಲಿನಲ್ಲಿ ದಾಖಲೆಯನ್ನೇ ತಪ್ಪಿಸಬಲ್ಲದು ಎಂಬ ಮಾತಿನ ಹಿಂದೆ ಈ ಲೆಕ್ಕವಿದೆ.

ಕಾರಿನ ಭಾಗಗಳಲ್ಲೆಲ್ಲ ಚಕ್ರದ ವಿಷಯ ತುಸು ತೊಡಕಿನದು, ಏಕೆಂದರೆ ಅದು ಮುಂದಕ್ಕೆ ಸಾಗುತ್ತಲೇ ತಿರುಗುತ್ತಲೂ ಇರುತ್ತದೆ. ಜಾರದೆ ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಶ್ಚಲವಾಗಿರುತ್ತದೆ, ನಡುವಿನ ಅಚ್ಚು ಕಾರಿನ ವೇಗದಲ್ಲೇ ಸಾಗುತ್ತದೆ, ಮೇಲ್ತುದಿಯು ಕಾರಿನ ವೇಗದ ಎರಡರಷ್ಟು ವೇಗದಲ್ಲಿ ಮುನ್ನುಗ್ಗುತ್ತದೆ. ಕಾರು ಗಂಟೆಗೆ 400 ಕಿ.ಮೀ. ವೇಗದಲ್ಲಿದ್ದರೆ, ಹೊರಗೆ ತೆರೆದುಕೊಂಡ ಚಕ್ರದ ಮೇಲ್ತುದಿಗೆ ಎದುರಾಗುವ ಗಾಳಿ 800 ಕಿ.ಮೀ. ವೇಗದ್ದು. ಇದರ ಜೊತೆಗೆ ಅರಗಳು ಫ್ಯಾನಿನ ರೆಕ್ಕೆಗಳಂತೆ ಗಾಳಿಯನ್ನು ಹೀರಿ ಬದಿಗೆ ಉಗುಳುತ್ತವೆ. ಹಾಗೆ ಉಗುಳಿದ ಗಾಳಿಯು ಕಾರಿನ ಮಗ್ಗುಲಲ್ಲಿ ಶಾಂತವಾಗಿ ಹರಿಯುತ್ತಿದ್ದ ಗಾಳಿಗೆ ಬಡಿದು ಸುಳಿಗಳನ್ನು ಎಬ್ಬಿಸುತ್ತದೆ, ಒಂದೊಂದು ಸುಳಿಯೂ ಎಂಜಿನ್ನಿನ ಶಕ್ತಿಯನ್ನು ಕದ್ದೊಯ್ಯುತ್ತದೆ. ದಿನಬಳಕೆಯ ಕಾರುಗಳಲ್ಲಿ ಕೂಡ ಒಟ್ಟು ಗಾಳಿತಡೆಯ ಸುಮಾರು ಕಾಲು ಭಾಗ ಚಕ್ರಗಳಿಂದ ಮತ್ತು ಅವು ಕೂತಿರುವ ಗೂಡುಗಳಿಂದ ಬರುತ್ತದೆ.

ಇದಕ್ಕೆ ಕಂಡುಕೊಂಡ ಮೊದಲ ಪರಿಹಾರ ಸರಳವಾದದ್ದು. ಕ್ಯಾಲಿಫೋರ್ನಿಯಾದ ಡೀನ್ ಮೂನ್ ಎಂಬ ಕಾರುಪ್ರೇಮಿ ಅಲ್ಯೂಮಿನಿಯಂ ಹಾಳೆಯಿಂದ ರೂಪಿಸಿ ಮಾರಿದ ದುಂಡನೆಯ ಮುಚ್ಚಳಗಳು ಉಪ್ಪಿನ ಬಯಲಿನ ಓಟಗಾರರಲ್ಲಿ ಎಷ್ಟು ಜನಪ್ರಿಯವಾದವೆಂದರೆ, ಅಂತಹ ಮುಚ್ಚಳಕ್ಕೆ ಮೂನ್ ಡಿಸ್ಕ್ ಎಂಬ ಹೆಸರೇ ನಿಂತುಬಿಟ್ಟಿತು. ನಮ್ಮ ಗ್ಯಾರೇಜುಗಳಲ್ಲಿ ವೀಲ್ ಕಪ್ ಎಂದು ಕರೆಯುವ ಅಲಂಕಾರದ ಬಟ್ಟಲಿಗೂ ಇದಕ್ಕೂ ನೋಟದಲ್ಲಿ ನೆಂಟಸ್ತಿಕೆ ಇದ್ದರೂ ಕೆಲಸದಲ್ಲಿ ಇಲ್ಲ. ವೀಲ್ ಕಪ್ಪನ್ನು ಕೈಯಿಂದ ಒತ್ತಿ ಕೂರಿಸಬಹುದು, ಮೂನ್ ಡಿಸ್ಕನ್ನು ಸ್ಕ್ರೂ ಹಾಕಿ ರಿಮ್ಮಿಗೆ ಬಿಗಿಯಬೇಕು, ಏಕೆಂದರೆ ಆ ವೇಗದಲ್ಲಿ ಕಳಚಿದ ತಗಡು ಗರಗಸದ ಬಿಲ್ಲೆಯಂತೆ ಹಾರುತ್ತದೆ. ಅದು ಪೂರ್ತಿ ಚಪ್ಪಟೆಯಾಗಿರದೆ ನಡುವೆ ಕೊಂಚ ಉಬ್ಬಿರುವುದಕ್ಕೂ ಕಾರಣವಿದೆ: ಚಪ್ಪಟೆ ತಗಡು ಗಾಳಿಯ ಒತ್ತಡಕ್ಕೆ ತಮಟೆಯ ಚರ್ಮದಂತೆ ಅದುರುತ್ತದೆ, ಉಬ್ಬಿದ ತಗಡು ಬಿಗಿತವನ್ನು ಉಳಿಸಿಕೊಳ್ಳುತ್ತದೆ. ಅರಗಳ ನಡುವೆ ಉಪ್ಪು ಸೇರದಂತೆ ತಡೆಯುವುದು ಈ ಮುಚ್ಚಳದಿಂದ ಸಿಗುವ ಇನ್ನೊಂದು ಲಾಭ, 70 ಸೆಂ.ಮೀ. ವ್ಯಾಸದ ಚಕ್ರ ಗಂಟೆಗೆ 600 ಕಿ.ಮೀ. ವೇಗದಲ್ಲಿ ತಿರುಗುವಾಗ ಅಚ್ಚಿನಿಂದ 20 ಸೆಂ.ಮೀ. ದೂರದಲ್ಲಿ ಅಂಟಿದ 10 ಗ್ರಾಂ ಉಪ್ಪು 46 ಕಿಲೋ ತೂಕದ ಬಲದಿಂದ ಚಕ್ರವನ್ನು ಹೊರಕ್ಕೆ ಎಳೆಯುತ್ತದೆ.

ಆದರೆ ಚಕ್ರದ ಬದಿಯನ್ನಷ್ಟೇ ಮುಚ್ಚುವ ತಟ್ಟೆಯಿಂದ ಮೇಲ್ತುದಿಯ ತೊಂದರೆ ನೀಗುವುದಿಲ್ಲ. 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,225 ಕಿ.ಮೀ.; ಹಾಗಾಗಿ ಕಾರು ಅದರ ಅರ್ಧವನ್ನು, ಅಂದರೆ 612 ಕಿ.ಮೀ. ಅನ್ನು ದಾಟಿದೊಡನೆ ಹೊರಗಿರುವ ಚಕ್ರದ ಮೇಲ್ತುದಿಯು ಗಾಳಿಯಲ್ಲಿ ಶಬ್ದಕ್ಕಿಂತ ವೇಗವಾಗಿ ಸಾಗತೊಡಗುತ್ತದೆ. ಕಾರು ಇನ್ನೂ ಶಬ್ದದ ಅರ್ಧ ವೇಗದಲ್ಲಿರುವಾಗಲೇ ಅದರ ಒಂದು ಅಂಗ ಶಬ್ದವನ್ನು ಮೀರುತ್ತದೆ ಎಂಬುದು ಈ ವಿಷಯದಲ್ಲಿ ಓದುಗರು ನೆನಪಿಡಬೇಕಾದ ಅತ್ಯಂತ ಸೋಜಿಗದ ಸಂಗತಿ. ಚಕ್ರವನ್ನು ಕಾರಿನ ಮೈಯೊಳಗಿನ ಗೂಡಿಗೆ ಸೇರಿಸಿದರೆ ಈ ಇಕ್ಕಟ್ಟು ಸಡಿಲವಾಗುತ್ತದೆ, ಏಕೆಂದರೆ ಗೂಡಿನ ಗಾಳಿ ಕಾರಿನ ಜೊತೆಗೇ ಸಾಗುತ್ತದೆ, ಚಕ್ರದ ತುದಿಗೆ ಎದುರಾಗುವ ಗಾಳಿಯ ವೇಗ ಅರ್ಧಕ್ಕೆ ಇಳಿಯುತ್ತದೆ. ಜಾನ್ ಕಾಬ್ 1947ರಲ್ಲಿ ಬಾನವಿಲ್‌ನಲ್ಲಿ ಗಂಟೆಗೆ 634 ಕಿ.ಮೀ. ದಾಖಲೆ ಮಾಡಿದ ರೇಲ್ಟನ್ ಕಾರಿಗೆ ಚಕ್ರಗಳನ್ನೂ ಒಳಗೊಂಡ ಒಂದೇ ಚಿಪ್ಪಿನಂತಹ ಹೊದಿಕೆಯಿತ್ತು, ಗಾಳಿಗೆ ಬಾಯಿ ತೆರೆಯುವ ರೇಡಿಯೇಟರನ್ನು ಕೂಡ ಬಿಟ್ಟು ಎಂಜಿನ್ ತಣಿಸಲು ಮಂಜುಗಡ್ಡೆಯ ತೊಟ್ಟಿಯನ್ನು ಇಟ್ಟಿದ್ದರು. 1965ರಲ್ಲಿ ಸಮರ್ಸ್ ಸಹೋದರರ ಗೋಲ್ಡನ್‌ರಾಡ್ ಅದೇ ಬಯಲಿನಲ್ಲಿ 658 ಕಿ.ಮೀ. ದಾಟಿದಾಗಲೂ ಚಕ್ರಗಳು ನೀಳವಾದ ಮೈಯೊಳಗಿದ್ದವು. 1997ರ ಅಕ್ಟೋಬರ್ 15ರಂದು ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆ್ಯಂಡಿ ಗ್ರೀನ್ ಓಡಿಸಿದ ಥ್ರಸ್ಟ್ ಎಸ್‌ಎಸ್‌ಸಿ ಗಂಟೆಗೆ 1,227.985 ಕಿ.ಮೀ. ವೇಗವನ್ನು ದಾಖಲಿಸಿ ಶಬ್ದದ ಗಡಿಯನ್ನು ದಾಟಿತು; ಅದರಲ್ಲಿ ರಬ್ಬರಿನ ಟೈರುಗಳೇ ಇರಲಿಲ್ಲ, ಗಟ್ಟಿ ಅಲ್ಯೂಮಿನಿಯಂ ಚಕ್ರಗಳಿದ್ದವು.

ಈಗ ಗುಡ್ಡದ ಕಡೆಗೆ ಹೊರಳಬಹುದು. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನಲ್ಲಿ ನಡೆಯಿತು, ಆ ವರ್ಷದ ಚಾಂಪಿಯನ್ ಪಟ್ಟ ಸ್ಕೋಡಾ ಫಾಬಿಯಾ ಆರ್5 ಓಡಿಸುತ್ತಿದ್ದ ಗೌರವ್ ಗಿಲ್ ಅವರಿಗೆ ಸಂದಿತು. ಆರ್5 ದರ್ಜೆಯ ಕಾರಿಗೆ ಟರ್ಬೊ ಅಳವಡಿಸಿದ 1.6 ಲೀಟರ್ ಎಂಜಿನ್, ನಾಲ್ಕೂ ಚಕ್ರಗಳಿಗೆ ಹರಿಯುವ ಶಕ್ತಿ ಮತ್ತು 1,230 ಕಿಲೋ ಕನಿಷ್ಠ ತೂಕ ಇರುತ್ತವೆ. ಡಾಂಬರಿನ ಮೇಲೆ 18 ಇಂಚಿನ ರಿಮ್ ಹಾಕಿದರೆ ಜಲ್ಲಿ ಮಣ್ಣಿನ ದಾರಿಯಲ್ಲಿ 15 ಇಂಚಿನದನ್ನು ಹಾಕುತ್ತಾರೆ. ತೋಟದ ರಸ್ತೆಯು ಸಿಲ್ವರ್ ಓಕ್ ಮರಗಳ ನಡುವೆ ಸುತ್ತಿ ಬಳಸಿ ಹೋಗುವ ಕೆಂಪು ಮಣ್ಣಿನ ದಾರಿ. ಒಂದು ತಿರುವು ಮುಗಿಯುವುದರೊಳಗೆ ಇನ್ನೊಂದು ಎದುರಾಗುತ್ತದೆ, ಒಂದು ಬದಿಗೆ ದರೆ, ಇನ್ನೊಂದು ಬದಿಗೆ ಇಳಿಜಾರಿನ ಕಾಫಿ ಗಿಡಗಳು. ಇಲ್ಲಿ ಚಾಲಕನಿಗೆ ಗಾಳಿತಡೆಗಿಂತ ದೊಡ್ಡ ಚಿಂತೆ ಬ್ರೇಕಿನದು.

ಬ್ರೇಕು ವೇಗವನ್ನು ಅಳಿಸುವುದಿಲ್ಲ, ಅದನ್ನು ಬಿಸಿಯಾಗಿ ಮಾರ್ಪಡಿಸುತ್ತದೆ. ಇಬ್ಬರನ್ನು ಹೊತ್ತು ಸುಮಾರು 1,400 ಕಿಲೋ ತೂಗುವ ರ‍್ಯಾಲಿ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಬಿಸಿಯು ಒಂದೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಬಾನವಿಲ್ ಕಾರು ಒಂದು ಓಟಕ್ಕೆ ಒಮ್ಮೆ ನಿಲ್ಲುತ್ತದೆ, ಅದೂ ಮೊದಲು ಪ್ಯಾರಾಚೂಟಿನ ನೆರವಿನಿಂದ, ಮೈಲಿಗಟ್ಟಲೆ ಸಮತಟ್ಟಾದ ನೆಲದ ಮೇಲೆ. ರ‍್ಯಾಲಿ ಕಾರು ತಿರುವಿಗೊಮ್ಮೆ ಬ್ರೇಕು ಒತ್ತಬೇಕು, ಹಿಂದಿನ ತಿರುವಿನ ಬಿಸಿ ಆರುವ ಮೊದಲೇ ಮುಂದಿನದು ಸೇರಿಕೊಳ್ಳುತ್ತದೆ. ಡಿಸ್ಕ್ ಮಿತಿಮೀರಿ ಕಾದರೆ ಪ್ಯಾಡಿನ ಹಿಡಿತ ಕುಗ್ಗುತ್ತದೆ, ಬ್ರೇಕ್ ಆಯಿಲ್ ಕುದಿದು ಅದರಲ್ಲಿ ಗುಳ್ಳೆ ಎದ್ದರೆ ಪೆಡಲು ತಳಕ್ಕೆ ಕುಸಿಯುತ್ತದೆ. ಉಪ್ಪಿನ ಬಯಲಿನಲ್ಲಿ ಕಳ್ಳನೆನಿಸಿದ ಅರಗಳ ಫ್ಯಾನು ಇಲ್ಲಿ ಆಪದ್ಬಾಂಧವನಾಗುತ್ತದೆ: ಅದು ಬಿಸಿಗಾಳಿಯನ್ನು ಹೊರಗೆಳೆದು ಹಾಕಿ ತಂಪಾದ ಗಾಳಿಗೆ ದಾರಿ ಮಾಡಿಕೊಡುತ್ತದೆ.

ಬಿಸಿಗಿಂತ ಕಡಿಮೆ ಕಾಟ ಕೊಡದ್ದು ಮಲೆನಾಡಿನ ಮಣ್ಣು. ಒದ್ದೆಯಾದ ಜೇಡಿ ಬೆರೆತ ಕೆಂಪು ಮಣ್ಣು ರಿಮ್ಮಿನ ಒಳಮೈಗೆ ಮೆತ್ತಿಕೊಂಡು ಒಂದೆಡೆ ಗಟ್ಟಿಯಾದರೆ ಚಕ್ರದ ಸಮತೋಲ ಕೆಡುತ್ತದೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ 100 ಗ್ರಾಂ ಕೆಸರು 12 ಕಿಲೋಗೂ ಮಿಕ್ಕಿದ ಬಲದಿಂದ ಎಳೆದು ಸ್ಟೀರಿಂಗನ್ನು ನಡುಗಿಸುತ್ತದೆ. ಬ್ರೇಕಿನ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡ ಒಂದು ಜಲ್ಲಿಕಲ್ಲು ರಿಮ್ಮನ್ನು ಉದ್ದಕ್ಕೂ ಗೀರಿ ಸೀಳಬಲ್ಲದು. ಹೊರಬದಿಗೆ ಮುಚ್ಚಳ ಹಾಕಿದರೆ ಒಳಬದಿಯಿಂದ ಬಂದ ಕೆಸರಿಗೂ ಕಲ್ಲಿಗೂ ಹೊರಹೋಗುವ ದಾರಿ ಇರುವುದಿಲ್ಲ. ಟೈರು ಒಡೆದರೆ ಚಾಲಕ ಮತ್ತು ಸಹಚಾಲಕ ಇಬ್ಬರೇ ಇಳಿದು ಜಾಕ್ ಕೊಟ್ಟು, ನಟ್ಟು ಬಿಚ್ಚಿ, ಸ್ಟೆಪ್ನಿ ಹಾಕಿ ಹೊರಡಬೇಕಾದ ಆ ಕೆಲವೇ ನಿಮಿಷಗಳಲ್ಲಿ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚುತ್ತ ಕೂರುವುದಂತೂ ಆಗದ ಮಾತು.

ಬಾನವಿಲ್‌ಗೂ ಚಿಕ್ಕಮಗಳೂರಿಗೂ ಒಂದು ಹೋಲಿಕೆ ಇದೆ. ಆ ಉಪ್ಪಿನ ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದ್ದರೆ ಚಿಕ್ಕಮಗಳೂರು ಪಟ್ಟಣವೂ 1,000 ಮೀಟರಿಗಿಂತ ಮೇಲಿದೆ, ಎರಡೂ ಕಡೆ ಗಾಳಿಯು ಕರಾವಳಿಯದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಅಲ್ಲಿ ಅದು ಗಾಳಿತಡೆಯನ್ನು ತಗ್ಗಿಸಿ ಓಟಗಾರನಿಗೆ ಅನುಕೂಲ ಮಾಡುತ್ತದೆ. ಇಲ್ಲಿ ಅದೇ ತೆಳುಗಾಳಿ ಬ್ರೇಕಿನ ಬಿಸಿಯನ್ನು ಒಯ್ಯುವಲ್ಲಿ ಕೊಂಚ ನಿಧಾನವಾಗುವುದರಿಂದ ಚಕ್ರವನ್ನು ತೆರೆದಿಡುವ ಅಗತ್ಯ ಇನ್ನಷ್ಟು ಹೆಚ್ಚುತ್ತದೆ.

ಇತ್ತೀಚಿನ ವಿದ್ಯುತ್ ಕಾರುಗಳು ಬ್ಯಾಟರಿಯ ಓಟವನ್ನು ಹೆಚ್ಚಿಸಲು ಬಹುಪಾಲು ಮುಚ್ಚಿದ ಚಕ್ರಗಳನ್ನು ತೊಟ್ಟು ಬರುತ್ತಿವೆ, ಅದು ಸರಿಯಾದ ಕ್ರಮವೇ ಹೌದು, ಏಕೆಂದರೆ ಅವು ಇಳಿಜಾರಿನಲ್ಲಿ ಮೋಟಾರಿನಿಂದಲೇ ವೇಗವನ್ನು ತಗ್ಗಿಸಿ ಆ ಶಕ್ತಿಯನ್ನು ಬ್ಯಾಟರಿಗೆ ಮರಳಿಸುವುದರಿಂದ ಬ್ರೇಕಿನ ಮೇಲೆ ಹೊರೆ ಕಡಿಮೆ. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಇಳಿಯುವವರು ಮಾತ್ರ ಕಡಿಮೆ ಗೇರಿನಲ್ಲಿ ಇಳಿಯಬೇಕು, ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಗಾಡಿ ನಿಲ್ಲಿಸಿ ಚಕ್ರಕ್ಕೆ ಗಾಳಿಯಾಡಲು ಬಿಡಬೇಕು, ಕಾದ ಡಿಸ್ಕಿನ ಮೇಲೆ ನೀರನ್ನು ಮಾತ್ರ ಸುರಿಯಬಾರದು, ಅದು ಸೊಟ್ಟಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ.