ಕಲ್ಕತ್ತೆಯಲ್ಲಿ ರಗ್ಬಿ: ಆಟಗಾರರೂ ಆಡಳಿತವೂ

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ವರ್ಷಂಪ್ರತಿ ಆಡುವ ರಗ್ಬಿ ಪಂದ್ಯದಲ್ಲಿ ಗೆದ್ದವರಿಗೆ ಸಲ್ಲುವ ಬೆಳ್ಳಿಯ ಪಾತ್ರೆಗೆ ‘ಕಲ್ಕತ್ತಾ ಕಪ್’ ಎಂದು ಹೆಸರು. ನಾವು ನೆಲೆಸಿರುವ ಈ ನಗರದ ಹೆಸರು ಅಲ್ಲಿಗೆ ಹೋದುದು ಹೇಗೆಂದು ವಿಚಾರಿಸಿದರೆ, ಆಟವೊಂದು ನೆಲದಲ್ಲಿ ಬೇರುಬಿಡಲು ಏನು ಬೇಕೆಂಬುದೂ ತಿಳಿಯುತ್ತದೆ.

1872ರ ಡಿಸೆಂಬರ್ 25ರಂದು ಇಲ್ಲಿಯ ಆಂಗ್ಲರು ಒಂದು ಪಕ್ಷವಾಗಿ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ನಾಡಿನವರು ಇನ್ನೊಂದು ಪಕ್ಷವಾಗಿ, ಪಕ್ಷಕ್ಕೆ 20 ಮಂದಿಯಂತೆ ರಗ್ಬಿ ಆಡಿದರು. ಮರುತಿಂಗಳೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. 1874ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್ನಿಗೆ ಸೇರಿತು. ಆದರೆ ಆಡುತ್ತಿದ್ದ ಸೇನಾದಳವು ಊರು ಬಿಟ್ಟಿತು; ಇಲ್ಲಿಯ ಸೆಕೆಗೆ ಪೋಲೋ, ಟೆನಿಸ್ ಆಟಗಳೇ ಹಿತವೆನಿಸಿದವು. ಕ್ಲಬ್ಬಿನಲ್ಲಿ ಪುಕ್ಕಟೆ ಪಾನ ನಿಂತದ್ದೂ ಸದಸ್ಯರು ಕರಗಲು ಒಂದು ಕಾರಣವೆಂದು ಹೇಳುವುದುಂಟು! 1877ರ ಡಿಸೆಂಬರಿನಲ್ಲಿ ಕ್ಲಬ್ಬಿನ ಕಾರ್ಯದರ್ಶಿ ರಾತ್ನಿ ಎಂಬವರು ಲಂಡನ್ನಿಗೆ ಪತ್ರ ಬರೆದು, ಉಳಿದ ಹಣದಿಂದ ಒಂದು ಪಾರಿತೋಷಕವನ್ನು ಮಾಡಿಸುವ ಸಲಹೆಯಿತ್ತರು. 270 ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ, ಮೂರು ನಾಗರಗಳನ್ನು ಹಿಡಿಕೆಯಾಗಿಯೂ ಮುಚ್ಚಳದ ಮೇಲೆ ಆನೆಯನ್ನೂ ಮಾಡಿಸಿದರು. ಅದಕ್ಕಾಗಿ ನಡೆದ ಮೊದಲ ಪಂದ್ಯ 1879ರ ಮಾರ್ಚ್ 10ರಂದು ಎಡಿನ್‌ಬರೋದಲ್ಲಿ, ಯಾರೂ ಗೆಲ್ಲಲಿಲ್ಲ.

ಇದು ಔದಾರ್ಯವೇ ಸರಿ. ಆದರೂ ಒಂದು ಮಾತು ಹೇಳಬೇಕು: ಆ ಕ್ಲಬ್ಬಿನವರು ಬಂದುಹೋಗುವ ಜನ, ಅವರು ಹೋದಾಗ ಆಟವೂ ಹೋಯಿತು. ಮುಂದೆ ಕ್ಲಬ್ಬು ಮರಳಿ ಜೀವ ತಳೆಯಿತಾದರೂ ರಗ್ಬಿ ಬಹುಕಾಲ ಕೆಲವೇ ಕ್ಲಬ್ಬುಗಳ ಆವರಣದಲ್ಲಿ ಉಳಿಯಿತು.

ಅಖಿಲ ಭಾರತದ ಆಡಳಿತ ಸಂಸ್ಥೆಯಾದ ಭಾರತೀಯ ರಗ್ಬಿ ಫುಟ್‌ಬಾಲ್ ಯೂನಿಯನ್ ಸ್ಥಾಪಿತವಾದುದು 1998ರಲ್ಲಿ. ರಾಜ್ಯಸಂಘಗಳ ಪಂದ್ಯಾವಳಿಗಳಿಂದ ಆಟಗಾರರನ್ನು ಆರಿಸಿ, ಶಿಬಿರದಲ್ಲಿ ಪಳಗಿಸಿ, ರಾಷ್ಟ್ರತಂಡವನ್ನು ಕಟ್ಟುವುದು ಅದರ ಕೆಲಸ. ಆರಿಸುವುದೇನೋ ಸರಿ, ಆರಿಸಲು ತಕ್ಕ ಮಕ್ಕಳನ್ನು ಬೆಳೆಸುವವರು ಯಾರು? ಕಲ್ಕತ್ತೆಯಲ್ಲಿ ಇದಕ್ಕೆ ಸಿಕ್ಕ ಉತ್ತರ 2004ರಲ್ಲಿ ಆರಂಭವಾದ ಜಂಗಲ್ ಕ್ರೋಸ್. ಬ್ರಿಟಿಷ್ ರಾಯಭಾರದ ಕೆಲಸದಿಂದ ಇಲ್ಲಿಗೆ ಬಂದ ಪಾಲ್ ವಾಲ್ಶ್ ಅದನ್ನು ಕಟ್ಟಿದರು. ಮೈದಾನದ ಹುಲ್ಲಿನ ಮೇಲೆ ಬಡಮಕ್ಕಳಿಗೆ ಕಲಿಸಿದರು; ಕಲಿತವರಲ್ಲಿ ಕೆಲವರು ತಾವೇ ಶಿಕ್ಷಕರಾದರು. ಇದೇ ಕಾರ್ಯವು ಜಲ್ಪಾಯ್‌ಗುರಿ ಜಿಲ್ಲೆಯ ಸರಸ್ವತೀಪುರ ಚಹಾತೋಟಕ್ಕೂ ಹಬ್ಬಿತು. ಅಲ್ಲಿಯ ಕೂಲಿಕಾರರ ಹೆಣ್ಣುಮಕ್ಕಳಲ್ಲಿ ಸಂಧ್ಯಾ ರಾಯ್ ಮೊದಲಾದವರು ಭಾರತಕ್ಕಾಗಿ ಆಡಿದರು. ಭಾರತದ ವನಿತೆಯರು ಹದಿನೈದು ಮಂದಿಯ ಆಟದಲ್ಲಿ ಮೊದಲ ಅಂತಾರಾಷ್ಟ್ರೀಯ ಜಯ ಪಡೆದುದು 2019ರಲ್ಲಿ, ಮನಿಲಾದಲ್ಲಿ, ಸಿಂಗಪುರದ ವಿರುದ್ಧ, 21-19ರಿಂದ.

ಹದಿನೈದು ಮಂದಿಯ ಆಟವೆಂದೆ. ಏಳು ಮಂದಿಯ ಇನ್ನೊಂದು ರೂಪವೂ ಉಂಟು. 2016ರಿಂದ ಒಲಿಂಪಿಕ್ಸ್ ಸೇರಿರುವುದು ಇದೇ. ಕಬಡ್ಡಿ ಬಲ್ಲ ಕನ್ನಡಿಗರಿಗೆ ಭೇದವನ್ನು ಹೀಗೆ ಹೇಳಬಹುದು: ಓಡಿ ತಪ್ಪಿಸಿಕೊಳ್ಳುವ ಚುರುಕಿನವನಿಗೆ ಏಳರ ಆಟ; ಮೂಲೆಯಲ್ಲಿ ನಿಂತು ಎದುರಾಳಿಯನ್ನು ಅದುಮಿ ಹಿಡಿಯುವ ಸ್ಥೂಲಕಾಯನಿಗೆ ಹದಿನೈದರ ಆಟದಲ್ಲಿ ಮಾತ್ರ ಸ್ಥಾನ. ಆಡಳಿತದ ಗಮನ ಒಲಿಂಪಿಕ್ಸಿನ ಕಡೆಗೆ ವಾಲಿದಷ್ಟೂ ಈ ಎರಡನೆಯವನಿಗೆ ಪಂದ್ಯಗಳು ವಿರಳವಾಗುತ್ತವೆ. ಇದು ತಂತ್ರದ ಪ್ರಶ್ನೆಯಂತೆ ಕಂಡರೂ ವಾಸ್ತವವಾಗಿ ಯಾರಿಗೆ ಆಟವುಂಟು, ಯಾರಿಗಿಲ್ಲ ಎಂಬ ಪ್ರಶ್ನೆ.

2025ರ ಜೂನಿನಲ್ಲಿ ಆರು ತಂಡಗಳ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಅದೂ ಏಳರ ಆಟವೇ. ನಮ್ಮ ಬೆಂಗಳೂರಿನ ಹೆಸರಿನ ತಂಡವೂ ಇತ್ತು. ಪಂದ್ಯಗಳು ಮಾತ್ರ ಮುಂಬಯಿಯಲ್ಲಿ! ಊರಿನ ಹೆಸರು ಒಂದೆಡೆ, ಆಟ ಇನ್ನೊಂದೆಡೆ: ಕಲ್ಕತ್ತೆಗೆ ಇದು ಹಳೆಯ ಅನುಭವ. ಆದರೂ ನಮ್ಮ ಹುಡುಗರಿಗೆ ವಿದೇಶದ ನಿಪುಣರೊಡನೆ ಆಡುವ ಅವಕಾಶ ಒದಗಿತೆಂಬುದನ್ನು ಅಲ್ಲಗಳೆಯಲಾಗದು.

ಅದೇ ವರ್ಷ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯು ಕಾರ್ಯಕಾರಿ ಸಮಿತಿಯ ಸದಸ್ಯಸಂಖ್ಯೆಯನ್ನು 15ಕ್ಕೆ ಮಿತಗೊಳಿಸಿ, ಅದರಲ್ಲಿ ಕನಿಷ್ಠ 4 ಸ್ತ್ರೀಯರೂ ಶ್ರೇಷ್ಠ ಕ್ರೀಡಾಪಟುಗಳೂ ಇರಬೇಕೆಂದು ವಿಧಿಸಿದೆ. ಸರಸ್ವತೀಪುರದಂಥ ತೋಟದಿಂದ ಬಂದು ದೇಶಕ್ಕಾಡಿದ ಹೆಣ್ಣುಮಗಳಿಗೆ ಆ ಸಭೆಯ ಬಾಗಿಲು ಇದರಿಂದ ತೆರೆಯಬಹುದು. ತೋಟದಲ್ಲಿ ಆಕೆಗೆ ಮೊದಲು ಚೆಂಡು ಹಿಡಿಯಲು ಕಲಿಸಿದವರಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ.